ಅಮ್ಮನಿಗೆ ಯಾವ ಕಡೆಯ ಕಿಟಕಿ?

ಪ್ರಶ್ನೆ: ನವೆಂಬರ್‌ನಲ್ಲಿ ಅಮ್ಮನನ್ನು ಪಶುಪತಿನಾಥನ ದರ್ಶನಕ್ಕೆ ಕಠ್ಮಂಡುವಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ಕಠ್ಮಂಡು. ಅಮ್ಮನಿಗೆ 71 ವರ್ಷ, ವಿಮಾನ ಹತ್ತುವುದು ಇದೇ ಮೊದಲು. ಹಿಮಾಲಯ ಕಾಣಬೇಕಾದರೆ ಎಲ್ಲಿ ಕೂರಬೇಕು ಮೇಡಂ? ಕಿಟಕಿ ಸೀಟಿಗೆ ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ಕೊಡಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಕೊಡಿ. ಬೆಂಗಳೂರು–ದೆಹಲಿ ವಿಮಾನದಲ್ಲಿ ಎಲ್ಲಿ ಕೂತರೂ ನಡೆಯುತ್ತದೆ, ಅಲ್ಲಿ ಉಳಿಸಿ. ದೆಹಲಿ–ಕಠ್ಮಂಡು ಮಧ್ಯೆ ಮಾತ್ರ ಉಳಿಸಬೇಡಿ.

ಹೋಗುವಾಗ ಎಡಗಡೆ, ಅಂದರೆ ‘ಎ’ ಸೀಟು. ವಿಮಾನ ಹೋಗುವುದು ಪೂರ್ವಕ್ಕೆ, ಹಿಮಾಲಯ ಇರುವುದು ಉತ್ತರಕ್ಕೆ. ಪೂರ್ವಕ್ಕೆ ಮುಖ ಮಾಡಿ ನಿಂತರೆ ಉತ್ತರ ಎಡಗೈ ಕಡೆ ಬರುತ್ತದೆ ಅಲ್ವಾ, ಅಷ್ಟೇ ಲೆಕ್ಕ. ನವೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಬಿಸಿಲು ಅಮ್ಮನ ಕಣ್ಣಿಗೆ ಹೊಡೆಯುವುದಿಲ್ಲ, ಎದುರಿನ ಹಿಮದ ಮೇಲೆ ಬೀಳುತ್ತದೆ.

ಈ ಲೆಕ್ಕ ನನಗೆ ಮೊದಲು ಹೊಳೆದಿರಲಿಲ್ಲ. ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋದಾಗ ಕಿಟಕಿ ಸೀಟು ಸಿಕ್ಕಿತಲ್ಲ ಎಂದು ಖುಷಿಪಟ್ಟಿದ್ದೆ. ಸಿಕ್ಕಿದ್ದು ಬಲಗಡೆ. ಸುಮಾರು ಒಂದು ಗಂಟೆ ಕಳೆದ ಮೇಲೆ ಎಡಗಡೆಯವರೆಲ್ಲ ಕಿಟಕಿಗೆ ಮುಖ ಅಂಟಿಸಿದರು. ಅತ್ತೆ ಬಗ್ಗಿ ಬಗ್ಗಿ ನೋಡಿದರು. ಕಂಡದ್ದು ಅವರ ಬೆನ್ನುಗಳು. ನಮ್ಮ ಕಿಟಕಿಯಲ್ಲಿ ಬರೀ ಬಯಲು, ಮಬ್ಬು. ಅತ್ತೆ ಒಂದು ಮಾತೂ ಆಡಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು. ವಾಪಸ್ ಬರುವಾಗ ದುಡ್ಡು ಕೊಟ್ಟು ‘ಎಫ್’ ಸೀಟು ತೆಗೆದುಕೊಂಡೆ, ಏಕೆಂದರೆ ಬರುವಾಗ ಬೆಟ್ಟಗಳು ಬಲಕ್ಕೆ ಬರುತ್ತವೆ. ಅತ್ತೆ ಸೀರೆಯ ಸೆರಗಿನಿಂದ ಗಾಜು ಒರೆಸಿ, ಕೈಮುಗಿದು ಕೂತವರು ಬೆಟ್ಟಗಳು ಮರೆಯಾಗುವ ತನಕ ಕೈ ಇಳಿಸಲಿಲ್ಲ.

ಹೋಗುವಾಗ ಕೊನೆಯ ಅರ್ಧ ಗಂಟೆಯಲ್ಲಿ ಅಮ್ಮನಿಗೆ ನಿದ್ದೆ ಬರಲು ಬಿಡಬೇಡಿ. ಮೊದಲು ಧವಳಗಿರಿ, 8,167 ಮೀಟರ್. ಹಿಂದೆಯೇ ಅನ್ನಪೂರ್ಣ, 8,091 ಮೀಟರ್. ಅದರ ಪಕ್ಕ ಮೀನಿನ ಬಾಲದ ಹಾಗೆ ಸೀಳಿದ ತುದಿಯ ಮಚ್ಛಪುಚ್ಛ್ರೆ. ಆಮೇಲೆ ಮನಸ್ಲು, ಕಠ್ಮಂಡು ಹತ್ತಿರವಾದಾಗ ಗಣೇಶ ಹಿಮಾಲ್. ಗಣೇಶನ ಹೆಸರಿನ ಬೆಟ್ಟ ಎಂದರೆ ಅಮ್ಮನಿಗೆ ಇಷ್ಟವಾಗುತ್ತದೆ, ಮರೆಯದೆ ತೋರಿಸಿ.

ಇನ್ನು ಸಾಲು. ಒಂದು ಕಡೆ ಮೂರು, ಇನ್ನೊಂದು ಕಡೆ ಮೂರು ಸೀಟಿನ ವಿಮಾನವಾದರೆ ರೆಕ್ಕೆ ನಡುವಿನ ಸಾಲುಗಳಿಗೆ ಅಡ್ಡ ಬರುತ್ತದೆ. ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿ ಗಾಳಿಯಲ್ಲಿ ನೋಟ ಅಲುಗಿದಂತಾಗುತ್ತದೆ. ಮುಂದಿನ ಐದಾರು ಸಾಲು ಒಳ್ಳೆಯದು. ಕಾಲು ಚಾಚಲು ಜಾಗ ಇದೆ ಎಂದು ತುರ್ತು ಬಾಗಿಲಿನ ಸಾಲು ಆರಿಸಬೇಡಿ, ವಯಸ್ಸಾದವರನ್ನು ಅಲ್ಲಿ ಕೂರಿಸುವುದಿಲ್ಲ. ಅಮ್ಮನಿಗೆ ‘ಎ’, ಪಕ್ಕದ ‘ಬಿ’ ನಿಮಗೆ.

ತಿಂಗಳು ಚೆನ್ನಾಗಿಯೇ ಆರಿಸಿದ್ದೀರಿ. ಮಳೆಗಾಲದಲ್ಲಿ ಮೋಡ, ಮಾರ್ಚ್–ಏಪ್ರಿಲ್‌ನಲ್ಲಿ ಹೊಗೆಯಂಥ ಮಬ್ಬು. ಬೆಳಗಿನ ವಿಮಾನವೇ ಸಿಕ್ಕರೆ ಇನ್ನೂ ಒಳ್ಳೆಯದು, ಮಧ್ಯಾಹ್ನದ ಮೇಲೆ ಬೆಟ್ಟಗಳಿಗೆ ಮೋಡ ಕವಿಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎವರೆಸ್ಟ್ ಇರುವುದು ಕಠ್ಮಂಡುವಿನಿಂದ ಆಚೆಗೆ, ಪೂರ್ವದಲ್ಲಿ ಸುಮಾರು 160 ಕಿಲೋಮೀಟರ್ ದೂರ. ದೆಹಲಿ ವಿಮಾನದಲ್ಲಿ ಅದು ಸಿಗುತ್ತದೆಂದು ಅಮ್ಮನಿಗೆ ಆಸೆ ಹುಟ್ಟಿಸಬೇಡಿ. ಅದಕ್ಕೆಂದೇ ಕಠ್ಮಂಡುವಿನಿಂದ ಬೆಳಿಗ್ಗೆ ಸುಮಾರು ಒಂದು ಗಂಟೆಯ ‘ಮೌಂಟನ್ ಫ್ಲೈಟ್’ ಇದೆ. ಅದರಲ್ಲಿ ಎಲ್ಲರಿಗೂ ಕಿಟಕಿಯೇ. ಹೋಗುವಾಗ ಒಂದು ಕಡೆಯವರು, ಬರುವಾಗ ಇನ್ನೊಂದು ಕಡೆಯವರು ನೋಡುತ್ತಾರೆ. ಮೋಡವಿದ್ದರೆ ಹಾರುವುದು ತಡವಾಗಬಹುದು, ಆ ದಿನ ದರ್ಶನವನ್ನು ಸಂಜೆಗೆ ಇಟ್ಟುಕೊಳ್ಳಿ. ಪಶುಪತಿನಾಥನ ಮುಖ್ಯ ಅರ್ಚಕರು ನಮ್ಮ ಕರ್ನಾಟಕದ ಕಡೆಯ ಭಟ್ಟರು. ಅಮ್ಮ ಕನ್ನಡದಲ್ಲೇ ಮಾತಾಡಿಸಲಿ.