ಬಂತಾ ಆಲ್ಬಂ? – ಈ ತಿಂಗಳ ಓದುಗರ ಪ್ರಶ್ನೆಗಳು

ಹೋದ ತಿಂಗಳು ಇದೇ ಪುಟದಲ್ಲಿ ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ಒಂದೇ ವಿಷಯದ ಮೇಲೆ: ಹೊಸ ಆಲ್ಬಂಗೆ ಕಾಯುವುದು. ಹಾಗಾಗಿ ಈ ಸಲ ಪೂರ್ತಿ ಪುಟ ಅದಕ್ಕೇ.

ನನ್ನ ಮಗ ಎರಡನೇ ಪಿಯುಸಿ. ಯಾವುದೋ ರ‍್ಯಾಪ್ ಆಲ್ಬಂ ಬರುತ್ತದೆ ಎಂದು ಪ್ರತಿ ಶುಕ್ರವಾರ ಬೆಳಗ್ಗೆ ಎದ್ದವನೇ ಫೋನ್ ಹಿಡಿಯುತ್ತಾನೆ. ರಾತ್ರಿ ಹನ್ನೊಂದರವರೆಗೆ ಮತ್ತೆ ಅದೇ. ಬೈದರೆ ‘ಅದು ಹೇಳದೆ ಬಂದುಬಿಡುತ್ತೆ ಅಮ್ಮಾ’ ಅನ್ನುತ್ತಾನೆ. ಇದೆಂಥ ಹುಚ್ಚು?
– ಎಂ. ಎಸ್., ಚಿತ್ರದುರ್ಗ

ಹುಚ್ಚಲ್ಲ ತಾಯಿ. ನಿಮ್ಮ ಮಗನ ಮಾತಿನಲ್ಲಿ ಲೆಕ್ಕ ಇದೆ. 2024ರ ನವೆಂಬರ್ 22, ಶುಕ್ರವಾರ. ಕೆಂಡ್ರಿಕ್ ಒಂದು ನಿಮಿಷದ ವಿಡಿಯೊ ಹಾಕಿದರು. ಅದರ ಹಿಂದೆಯೇ ‘ಜಿಎನ್‌ಎಕ್ಸ್’ ಎಂಬ ಹನ್ನೆರಡು ಹಾಡಿನ ಆಲ್ಬಂ ಬಂದೇಬಿಟ್ಟಿತು. ಮುಂಚೆ ಒಂದು ಸುದ್ದಿಯಿಲ್ಲ, ಪೋಸ್ಟರ್ ಇಲ್ಲ. ಅಲ್ಲಿ ಹಗಲು, ನಮ್ಮಲ್ಲಿ ರಾತ್ರಿ. ಬೇಗ ಮಲಗಿದವರಿಗೆ ಗೊತ್ತಾಗಿದ್ದು ಶನಿವಾರ ಬೆಳಗ್ಗೆ. ನಿಮ್ಮ ಮಗನೂ ಅವತ್ತು ಮಲಗಿಬಿಟ್ಟಿದ್ದನೇನೋ, ಕೇಳಿ ನೋಡಿ.

ಶುಕ್ರವಾರಕ್ಕೂ ಕಾರಣ ಉಂಟು. ಮುಂಚೆ ಅಮೆರಿಕದಲ್ಲಿ ಮಂಗಳವಾರ ಹೊಸ ಆಲ್ಬಂ ಬರುತ್ತಿತ್ತು. 2015ರ ಜುಲೈ 10ರಿಂದ ಜಗತ್ತಿನ ಬಹುತೇಕ ಕಡೆ ಶುಕ್ರವಾರ ಎಂದಾಯಿತು. ಅಮೆರಿಕದ ಪೂರ್ವ ತೀರದ ಮಧ್ಯರಾತ್ರಿ ಅಂದರೆ ನಮಗೆ ಬೆಳಗ್ಗೆ ಒಂಬತ್ತೂವರೆ, ಅವರ ಚಳಿಗಾಲದಲ್ಲಿ ಹತ್ತೂವರೆ. ಅವನು ಎರಡು ಹೊತ್ತೂ ಫೋನ್ ನೋಡುವುದು ಇದಕ್ಕೇ.

ನಾನು 1988ರಿಂದ 2006ರವರೆಗೆ ಶಿವಮೊಗ್ಗದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಬೆಂಗಳೂರಿನಿಂದ ಪಾರ್ಸೆಲ್ ಬೆಳಗಿನ ಬಸ್ಸಿಗೆ ಬರುತ್ತಿತ್ತು. ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಒಂದು ಕ್ಯಾಸೆಟ್‌ಗೆ ದುಡ್ಡು ಮುಂಚೆಯೇ ಕೊಟ್ಟು ಹೋಗಿದ್ದ. ಹನ್ನೊಂದು ದಿನ ಬಂದು ‘ಬಂತಾ ಅಣ್ಣಾ?’ ಎಂದು ಕೇಳಿದ. ಹನ್ನೆರಡನೇ ದಿನ ಕೊಟ್ಟೆ. ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಅಲ್ಲೇ ನಿಂತು ಒಳಗಿನ ಕಾಗದ ಬಿಡಿಸಿ, ಯಾರು ಹಾಡಿದ್ದು, ಯಾರು ಬರೆದಿದ್ದು, ಎಲ್ಲ ಓದಿದ. ಆಮೇಲೇ ಹೋದ. ಆ ಮುಖ ನನಗೆ ಇವತ್ತಿಗೂ ನೆನಪಿದೆ. ನಿಮ್ಮ ಮನೆಯಲ್ಲಿರುವುದೂ ಅದೇ ಮುಖ.

ಪರೀಕ್ಷೆ ಹತ್ತಿರ ಇದ್ದರೆ ಹತ್ತು ಗಂಟೆಗೆ ಫೋನ್ ತೆಗೆದಿಡಿ. ಆಲ್ಬಂ ಎಲ್ಲೂ ಓಡಿಹೋಗುವುದಿಲ್ಲ. ಆದರೆ ಒಂದು ದಿನ ಅವನ ಪಕ್ಕ ಕೂತು ‘ನನಗೂ ಒಂದು ಹಾಡು ಕೇಳಿಸು’ ಅನ್ನಿ. ನನ್ನ ಮಗಳು ನನಗೆ ಹಾಗೆ ಕೇಳಿಸದೇ ಇದ್ದಿದ್ದರೆ ಇವತ್ತು ನಾನು ಈ ಪುಟ ಬರೆಯುತ್ತಿರಲಿಲ್ಲ.

ಕೆಂಡ್ರಿಕ್ ಒಂದು ಹಾಡಿನಲ್ಲಿ 1855 ದಿನ ಅನ್ನುತ್ತಾರೆ. ಏನದು? ಅಷ್ಟು ದಿನ ಅಭಿಮಾನಿಗಳನ್ನು ಕಾಯಿಸಿದ್ದು ಸರಿಯಾ ಸರ್?
– ಪಿ. ಆರ್., ಹಾಸನ

ಲೆಕ್ಕ ಸುಲಭ. ಅವರ ‘ಡ್ಯಾಮ್’ ಆಲ್ಬಂ ಬಂದಿದ್ದು 2017ರ ಏಪ್ರಿಲ್ 14. ಮುಂದಿನ ಆಲ್ಬಂ ‘ಮಿಸ್ಟರ್ ಮೊರೇಲ್ ಆ್ಯಂಡ್ ದ ಬಿಗ್ ಸ್ಟೆಪರ್ಸ್’ ಬಂದಿದ್ದು 2022ರ ಮೇ 13. ಕ್ಯಾಲೆಂಡರ್ ಹಿಡಿದು ಎಣಿಸಿ. ನಡುವೆ 2020ರ ಫೆಬ್ರುವರಿ 29 ಬಿಡಬೇಡಿ. ಸರಿಯಾಗಿ 1855 ದಿನ. ಆಲ್ಬಂನ ಮೊದಲ ಹಾಡಿನಲ್ಲೇ ಅದನ್ನು ಹೇಳುತ್ತಾರೆ. ಅಂದರೆ ನಾವು ಮಾತ್ರ ದಿನ ಎಣಿಸುತ್ತಿರಲಿಲ್ಲ. ಅವರೂ ಎಣಿಸುತ್ತಿದ್ದರು.

ಪೂರ್ತಿ ಸುಮ್ನೆ ಇದ್ದರು ಅಂತಲ್ಲ. 2018ರಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದ ಹಾಡುಗಳ ಆಲ್ಬಂ ಮಾಡಿದರು. ಆದರೆ ತಮ್ಮದೇ ಆಲ್ಬಂ ಇಲ್ಲ. 2021ರ ಆಗಸ್ಟ್‌ನಲ್ಲಿ ಒಂದು ಸಣ್ಣ ಪತ್ರ ಬರೆದರು. ತಿಂಗಳುಗಟ್ಟಲೆ ಫೋನ್ ಇಲ್ಲದೆ ಇರುತ್ತೇನೆ ಎಂದು ಅದರಲ್ಲಿತ್ತು. ಮತ್ತೆ ಮೌನ. ‘ಕೆಂಡ್ರಿಕ್ ನಿವೃತ್ತರಾದರು’ ಎಂದು ಯಾರೋ ಟ್ವೀಟ್ ಮಾಡಿದ್ದರು. 2022ರ ಏಪ್ರಿಲ್ 18ರಂದು ಅದೇ ಟ್ವೀಟಿಗೆ ಉತ್ತರವಾಗಿ ತಮ್ಮ ಪ್ರಕಟಣೆಯ ಕೊಂಡಿ ಹಾಕಿದರು. ಮೇ 13 ಎಂದಷ್ಟೇ ಅದರ ಸಾರ.

ಆ ಮೂರೂವರೆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮೇ ಮೊದಲ ವಾರ ಅವರು ಒಂದು ಫೋಟೊ ಹಾಕಿದರು. ಕೈಯಲ್ಲಿ ಒಂದು ಪುಸ್ತಕ, ಎರಡು ಸಿ.ಡಿ. ನನ್ನ ಮಗಳು ಅದನ್ನು ದೊಡ್ಡದು ಮಾಡಿ ಸಿ.ಡಿ. ಮೇಲಿನ ಅಕ್ಷರ ಓದಿ ‘ಅಪ್ಪಾ, ಡಬಲ್ ಆಲ್ಬಂ!’ ಎಂದು ಕೂಗಿದಳು. ಹಾಗೇ ಆಯಿತು. ಎರಡು ಭಾಗ, 18 ಹಾಡು. 13ರ ಬೆಳಗ್ಗೆ ಒಂಬತ್ತೂವರೆಗೆ ತಿಂಡಿ ತಟ್ಟೆ ಬದಿಗಿಟ್ಟು ಕೂತೆವು. 1855 ಎಂಬ ಸಂಖ್ಯೆ ಕಿವಿಗೆ ಬಿದ್ದಾಗ ಅವಳು ನನ್ನ ಕೈ ಹಿಡಿದುಕೊಂಡಳು.

ಸರಿಯಾ ಅಂತ ಕೇಳಿದಿರಿ. ಎರಡು ವರ್ಷ ಬರೆಯಲು ಏನೂ ಹೊಳೆಯಲಿಲ್ಲ ಎಂದು ಅದೇ ಆಲ್ಬಂನಲ್ಲಿ ಹೇಳಿಕೊಂಡಿದ್ದಾರೆ. ತಮ್ಮ ತಪ್ಪುಗಳು, ಅಪ್ಪನ ಜೊತೆಗಿನ ಸಂಬಂಧ, ಮನಸ್ಸಿನ ಚಿಕಿತ್ಸೆಗೆ ಹೋಗಿದ್ದು, ಎಲ್ಲ ಅದರಲ್ಲಿದೆ. ಮುಖಪುಟದಲ್ಲಿ ಮುಳ್ಳಿನ ಕಿರೀಟ ಇಟ್ಟುಕೊಂಡು ಮಗಳನ್ನು ಎತ್ತಿಕೊಂಡು ನಿಂತಿದ್ದಾರೆ. ಹಿಂದೆ ಮಂಚದ ಮೇಲೆ ಅವರ ಸಂಗಾತಿ, ಮಡಿಲಲ್ಲಿ ಪುಟ್ಟ ಮಗು. ಒಬ್ಬ ಮನುಷ್ಯ ಹೀಗೆ ತನ್ನನ್ನು ಬಿಚ್ಚಿಡಬೇಕಾದರೆ ಐದು ವರ್ಷ ಜಾಸ್ತಿ ಆಯಿತು ಅಂತ ನನಗೆ ಅನ್ನಿಸುವುದಿಲ್ಲ. ನನ್ನನ್ನು ನಿಮ್ಮ ಉದ್ಧಾರಕ ಅಂದುಕೊಳ್ಳಬೇಡಿ ಎಂದೂ ಒಂದು ಹಾಡಿನಲ್ಲಿ ನಮಗೇ ಹೇಳುತ್ತಾರೆ. ಅಭಿಮಾನಿಗಳಾದ ನಾವು ಆ ಮಾತನ್ನು ಕೇಳಿಸಿಕೊಳ್ಳಬೇಕು.

ಅಭಿಮಾನಿಗಳು ಆಲ್ಬಂ ಬರುವ ಮುಂಚೆ, ಬಂದ ಮೇಲೆ ಏನೇನೋ ಊಹೆ ಕಟ್ಟುತ್ತಾರೆ. ಚುಕ್ಕಿ, ಬಣ್ಣ, ತಾರೀಕು, ಎಲ್ಲದಕ್ಕೂ ಅರ್ಥ. ಇದು ಟೈಮ್ ವೇಸ್ಟ್ ಅಲ್ವಾ?
– ಕೆ. ಎನ್., ದಾವಣಗೆರೆ

ಅಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನನಗೆ ತುಂಬಾ ಪ್ರಿಯವಾದ ಕಥೆ ಇದು.

‘ಡ್ಯಾಮ್’ ಬಂದ 2017ರ ಏಪ್ರಿಲ್ 14 ಗುಡ್ ಫ್ರೈಡೇ. ಮೊದಲ ಹಾಡು ‘ಬ್ಲಡ್’. ಕಥೆ ಹೇಳುವವನು ನಡೆದು ಹೋಗುತ್ತಿರುತ್ತಾನೆ. ಏನನ್ನೋ ಕಳೆದುಕೊಂಡಂತೆ ಕಾಣುವ ಒಬ್ಬ ಕುರುಡಿಗೆ ಸಹಾಯ ಮಾಡಲು ಹೋಗುತ್ತಾನೆ. ಗುಂಡಿನ ಸದ್ದು. ಅವನು ಸತ್ತ. ಅಭಿಮಾನಿಗಳು ಯೋಚಿಸಿದರು: ಯೇಸುವಿನ ಹಾಗೆ ಶುಕ್ರವಾರ ಸತ್ತವನು ಭಾನುವಾರ ಎದ್ದು ಬರಬೇಕಲ್ಲ? ಈಸ್ಟರ್ ದಿನ, ಏಪ್ರಿಲ್ 16ಕ್ಕೆ, ಎರಡನೇ ಆಲ್ಬಂ ಬರುತ್ತದೆ! ಆಲ್ಬಂ ಮಾಡಿದವರಲ್ಲಿ ಒಬ್ಬರಾದ ಸೌನ್‌ವೇವ್ ಹಾಕಿದ ಒಂದು ಟ್ವೀಟ್ ಆ ಊಹೆಗೆ ಇನ್ನಷ್ಟು ಗಾಳಿ ಹಾಕಿತು. ಎರಡನೆಯದರ ಹೆಸರು ‘ನೇಷನ್’ ಇರಬಹುದು, ಎರಡೂ ಸೇರಿದರೆ ‘ಡ್ಯಾಮ್ನೇಷನ್’ ಆಗುತ್ತೆ ಅಂತಲೂ ಕೆಲವರು ಹೇಳಿದರು.

ಭಾನುವಾರ ಬಂತು. ಆಲ್ಬಂ ಬರಲಿಲ್ಲ.

ಆದರೆ ಆ ಎರಡು ದಿನ ಸುಳಿವು ಹುಡುಕುತ್ತಾ ಜನ ಅದೇ 14 ಹಾಡುಗಳನ್ನು ಎಷ್ಟು ಸಲ ಕೇಳಿರಬೇಡ! ಹಾಗೆ ಕೇಳುವಾಗ ಕೊನೆಯ ಹಾಡು ‘ಡಕ್‌ವರ್ತ್’ ಹಲವರ ಕಿವಿ ಹಿಡಿಯಿತು. ಡಕ್‌ವರ್ತ್ ಎನ್ನುವುದು ಕೆಂಡ್ರಿಕ್ ಅವರ ಮನೆತನದ ಹೆಸರು. ಅವರ ಅಪ್ಪ ಡಕ್ಕಿ ಕೆಎಫ್‌ಸಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಆ್ಯಂಟನಿ ಎಂಬ ಯುವಕ ಆ ಅಂಗಡಿಯನ್ನು ದೋಚುವ ಯೋಚನೆಯಲ್ಲಿದ್ದ. ಡಕ್ಕಿಗೆ ಅವನು ಎಂಥವನು ಅಂತ ಗೊತ್ತಿತ್ತು. ಬಂದಾಗಲೆಲ್ಲ ಪುಕ್ಕಟೆ ಕೋಳಿ, ಜೊತೆಗೆ ಎರಡು ಬನ್ನು ಹೆಚ್ಚಿಗೆ ಕೊಟ್ಟು ಒಳ್ಳೆಯ ಮಾತಾಡುತ್ತಿದ್ದರು. ಹಾಗಾಗಿ ದರೋಡೆಯ ದಿನ ಡಕ್ಕಿ ಬದುಕಿದರು. ಆ ಆ್ಯಂಟನಿಯೇ ಮುಂದೆ ‘ಟಾಪ್ ಡಾಗ್’ ಆಗಿ ಸಂಗೀತ ಕಂಪನಿ ಕಟ್ಟಿದ. ಡಕ್ಕಿಯ ಮಗ ಕೆಂಡ್ರಿಕ್‌ಗೆ ದಾರಿ ಮಾಡಿಕೊಟ್ಟ. ಅವತ್ತು ಅಪ್ಪ ಸತ್ತಿದ್ದರೆ ಆ್ಯಂಟನಿ ಜೈಲಿನಲ್ಲಿ ಇರುತ್ತಿದ್ದ, ನಾನು ಅಪ್ಪನಿಲ್ಲದೆ ಬೆಳೆದು ಗುಂಡೇಟಿಗೆ ಸಾಯುತ್ತಿದ್ದೆ ಎಂದು ಹಾಡು ಮುಗಿಯುತ್ತದೆ.

ಆಗ ಮತ್ತೆ ಗುಂಡಿನ ಸದ್ದು. ಕ್ಯಾಸೆಟ್ ರಿವೈಂಡ್ ಮಾಡಿದಂತೆ ಎಲ್ಲ ಸರಸರ ಹಿಂದಕ್ಕೆ ಓಡಿ, ‘ಬ್ಲಡ್’ ಹಾಡಿನ ಮೊದಲ ಮಾತಿಗೆ ಬಂದು ನಿಲ್ಲುತ್ತದೆ. ಇದನ್ನು ಕೇಳಿದ ಅಭಿಮಾನಿಗಳು ಆಲ್ಬಂ ಅನ್ನು ಕೊನೆಯ ಹಾಡಿನಿಂದ ಮೊದಲ ಹಾಡಿಗೆ ಹಾಕಿ ನೋಡಿದರು. ಮುಂದಿನಿಂದ ಕೇಳಿದರೆ ಸಾವಿನಿಂದ ಶುರು. ಹಿಂದಿನಿಂದ ಕೇಳಿದರೆ ಅಪ್ಪ ಬದುಕಿದ ಕಥೆಯಿಂದ ಶುರು. ಅದೇ ವರ್ಷ ಕೆಂಡ್ರಿಕ್ ಒಂದು ಸಂದರ್ಶನದಲ್ಲಿ ಹೌದು, ಹಾಗೂ ಕೇಳಬಹುದು ಎಂದು ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಹಾಡುಗಳನ್ನು ತಿರುಗಿಸಿ ಜೋಡಿಸಿದ ಇನ್ನೊಂದು ಆವೃತ್ತಿಯನ್ನೇ ಹೊರತಂದರು. ಮರುವರ್ಷ ಇದೇ ಆಲ್ಬಂಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತ, ಜಾಝ್ ಬಿಟ್ಟು ಬೇರೆ ಸಂಗೀತಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಈಸ್ಟರ್ ಊಹೆ ಸುಳ್ಳಾಯಿತು. ಎರಡನೇ ಆಲ್ಬಂ ಮಾತ್ರ ಮೊದಲನೆಯದರ ಒಳಗೇ ಇತ್ತು. ಆಸೆಯಿಂದ ಕಾದವರು ಅಷ್ಟು ಹುಡುಕಿದ್ದರಿಂದ ಸಿಕ್ಕಿತು. ನಾನು ಹದಿನೆಂಟು ವರ್ಷ ಕ್ಯಾಸೆಟ್ ಮಾರಿದವನು. ರಿವೈಂಡ್ ಸದ್ದಿನಲ್ಲಿ ಇಷ್ಟು ಅರ್ಥ ಇಡಬಹುದು ಅಂತ ನನಗೆ ತೋರಿಸಿದ್ದು ಈ ಹುಡುಗರು.

ರ‍್ಯಾಪರ್ ಡಾ. ಡ್ರೆ ಅವರ ‘ಡಿಟಾಕ್ಸ್’ ಆಲ್ಬಂ ಯಾವಾಗ ಬರುತ್ತೆ? ನಮ್ಮಣ್ಣ ಕಾಲೇಜಿನಲ್ಲಿ ಇದ್ದಾಗಿನಿಂದ ಹೇಳುತ್ತಿದ್ದಾನೆ.
– ಎ. ಬಿ., ಹುಬ್ಬಳ್ಳಿ

ಬರುವುದಿಲ್ಲ ತಮ್ಮಾ. ಡ್ರೆ ಅವರ ‘2001’ ಆಲ್ಬಂ ಬಂದಿದ್ದು 1999ರಲ್ಲಿ. ಅದಾದ ಮೇಲೆ ಹತ್ತು ವರ್ಷಕ್ಕೂ ಮೇಲೆ ‘ಡಿಟಾಕ್ಸ್’ ಸುದ್ದಿ ಇತ್ತು. 2010, 2011ರಲ್ಲಿ ಎರಡು ಹಾಡು ಬಂದವು. 2015ರ ಆಗಸ್ಟ್‌ನಲ್ಲಿ ಅವರೇ ರೇಡಿಯೊದಲ್ಲಿ ಹೇಳಿದರು, ಅದು ನನಗೇ ಇಷ್ಟ ಆಗಲಿಲ್ಲ, ಬಿಟ್ಟುಬಿಟ್ಟೆ ಅಂತ. ಆಮೇಲೆ ಅದೇ ತಿಂಗಳು ‘ಕಾಂಪ್ಟನ್’ ಎಂಬ ಬೇರೆಯದೇ ಆಲ್ಬಂ ಕೊಟ್ಟರು. ಅದರಲ್ಲಿ ಕೆಂಡ್ರಿಕ್ ಕೂಡ ಹಾಡಿದ್ದಾರೆ. ಇಬ್ಬರೂ ಕ್ಯಾಲಿಫೋರ್ನಿಯಾದ ಕಾಂಪ್ಟನ್ ಊರಿನವರೇ. ಎಂಟು ವರ್ಷದ ಹುಡುಗನಾಗಿದ್ದಾಗ ಕೆಂಡ್ರಿಕ್ ಅದೇ ಊರಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಡ್ರೆ ಮತ್ತು ಇನ್ನೊಬ್ಬ ರ‍್ಯಾಪರ್ ಟುಪ್ಯಾಕ್ ಅವರ ವಿಡಿಯೊ ಶೂಟಿಂಗ್ ನೋಡಿದ್ದರು. ಅಣ್ಣನಿಗೆ ‘ಕಾಂಪ್ಟನ್’ ಕೇಳಿಸು.

ನಮ್ಮ ಟೆಲಿಗ್ರಾಂ ಗ್ರೂಪಿನಲ್ಲಿ ಬಿಡುಗಡೆ ಆಗದ ಹಾಡುಗಳು ಬರುತ್ತವೆ. ರ‍್ಯಾಪರ್ ಲಿಲ್ ವೇನ್ ಅವರ ಹಾಡುಗಳೂ ಸೋರಿಕೆ ಆಗಿದ್ದವು, ಆದರೂ ‘ದ ಕಾರ್ಟರ್ 3’ ಆಲ್ಬಂ ಚೆನ್ನಾಗಿ ಹೋಯಿತು. ಹಾಗಾದರೆ ಕೇಳಿದರೆ ತಪ್ಪೇನು?
– ಹೆಸರು ಬೇಡ, ಮಂಗಳೂರು

‘ದ ಕಾರ್ಟರ್ 3’ ಬಗ್ಗೆ ನೀವು ಹೇಳಿದ್ದು ನಿಜ. 2007ರಲ್ಲಿ ಅದಕ್ಕೆಂದು ಮಾಡಿದ ಹಾಡುಗಳು ಸೋರಿದವು. 2008ರ ಜೂನ್ 10ಕ್ಕೆ ಆಲ್ಬಂ ಬಂದಾಗ ಅಮೆರಿಕದಲ್ಲಿ ಒಂದೇ ವಾರಕ್ಕೆ ಹತ್ತು ಲಕ್ಷ ಪ್ರತಿ ದಾಟಿತು. ಆದರೆ ಮಧ್ಯದಲ್ಲಿ ಅವರು ಏನು ಮಾಡಬೇಕಾಯಿತು ನೋಡಿ. ಸೋರಿದ ಹಾಡುಗಳಲ್ಲಿ ಕೆಲವನ್ನು ‘ದ ಲೀಕ್’ ಎಂದು ಬೇರೆಯಾಗಿ ಹೊರತಂದು, ಆಲ್ಬಂಗೆ ಹೊಸ ಹಾಡು ಬರೆದರು. ಎಲ್ಲರಿಂದಲೂ ಅದು ಆಗುತ್ತದೆಯೇ?

ನನ್ನ ಅಂಗಡಿಯ ಕಾಲದಲ್ಲೂ ಒರಿಜಿನಲ್ ಬರುವ ಮುಂಚೆ ಡೂಪ್ಲಿಕೇಟ್ ಕ್ಯಾಸೆಟ್ ಬಂದುಬಿಡುತ್ತಿತ್ತು. ಒಮ್ಮೆ ಒಬ್ಬ ಗಿರಾಕಿ ತಂದು ತೋರಿಸಿದ. ಎ ಸೈಡ್‌ನಲ್ಲಿ ಅವನಿಗೆ ಬೇಕಾದ ಹಾಡು, ಬಿ ಸೈಡ್‌ನಲ್ಲಿ ಬೇರೆ ಯಾವುದೋ ಸಿನಿಮಾ. ಅವನ ಮೊದಲ ಕೇಳುವಿಕೆ ಹಾಗೆ ಹಾಳಾಯಿತು. ಸೋರಿದ ಹಾಡೂ ಅರ್ಧ ಬೆಂದ ಅನ್ನವೇ. ಸಾಲು ಬದಲಾಗುವುದಿರುತ್ತದೆ, ಸಂಗೀತ ಸೇರುವುದಿರುತ್ತದೆ. ಇಷ್ಟು ದಿನ ಕಾದಿದ್ದೀರಿ. ಮೊದಲ ಸಲ ಕೇಳುವ ಸುಖವನ್ನು ಅದಕ್ಕೆ ಕೊಡಬೇಡಿ.

ಅಕ್ಕಪಕ್ಕದವರೆಲ್ಲ ಕೆಂಡ್ರಿಕ್ ಕೆಂಡ್ರಿಕ್ ಅನ್ನುತ್ತಾರೆ. ನಾನು ಕನ್ನಡ ಮೀಡಿಯಂ. ಅಷ್ಟು ವೇಗದ ಇಂಗ್ಲಿಷ್ ಅರ್ಥವೇ ಆಗಲ್ಲ ಸರ್. ಮುಂದಿನ ಆಲ್ಬಂ ಬರುವುದರೊಳಗೆ ನಾನೂ ಕೇಳಲು ಕಲಿಯಬೇಕು. ಎಲ್ಲಿಂದ ಶುರು ಮಾಡಲಿ?
– ಎಲ್. ಜಿ., ಸಾಗರ

ನಾನೂ ಕನ್ನಡ ಮೀಡಿಯಂ ಮಗಳೇ. ‘ಡಕ್‌ವರ್ತ್’ನಿಂದ ಶುರು ಮಾಡು. ಕಥೆ ಮೇಲೆ ಹೇಳಿದ್ದೇನೆ, ಈಗ ನಿನಗೆ ಗೊತ್ತು. ಮೊದಲು ಸಾಲು ನೋಡದೆ ಎರಡು ಸಲ ಕೇಳು. ಮಧ್ಯದಲ್ಲಿ ಸಂಗೀತ ಪೂರ್ತಿ ಬದಲಾಗುವ ಜಾಗಗಳು ಬರುತ್ತವೆ, ಅವನ್ನು ಗುರುತಿಸು. ಮೂರನೇ ಸಲ ಸಾಲುಗಳನ್ನು ಮುಂದಿಟ್ಟುಕೊಂಡು ಕೇಳು. ಗೊತ್ತಾಗದ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ. ನನ್ನ ನೋಟ್‌ಬುಕ್ಕಿನಲ್ಲಿ ಈ ಒಂದೇ ಹಾಡಿಗೆ ನಾಲ್ಕು ಪುಟ ಆಗಿದೆ. ಬೈಗುಳ ಬರುತ್ತವೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಯರ್‌ಫೋನ್ ಹಾಕಿಕೋ.

ಅದಾದ ಮೇಲೆ ಇಡೀ ‘ಡ್ಯಾಮ್’ ಕೇಳು, ಕೊನೆಯಿಂದ ಮೊದಲಿಗೆ. ಏನನ್ನಿಸಿತು ಅಂತ ಮುಂದಿನ ತಿಂಗಳು ಬರೆ. ಪತ್ರಕ್ಕೆ ಕಾಯುತ್ತಿರುತ್ತೇನೆ.