ಹತ್ತು ಲಕ್ಷ ಆಗಲಿ, ಆಮೇಲೆ ಮಗು

ಗಂಡನಿಗೆ 35, ಹೆಂಡತಿಗೆ 31. ಮದುವೆಯಾಗಿ ಐದು ವರ್ಷ. ಕಾರವಾರದ ಪಕ್ಕದ ಹಳ್ಳಿಯಲ್ಲಿ ಸ್ವಂತ ಮನೆ, ಜೊತೆಗೆ ಅತ್ತೆ. ಆತ ಬೈತಖೋಲ ಬಂದರಿನಿಂದ ಗೋವಾಕ್ಕೆ, ಮಂಗಳೂರಿಗೆ ಮೀನು ಸಾಗಿಸುತ್ತಾರೆ. ಗಾಡಿ ಸ್ವಂತದ್ದು, ಕಂತು ಇನ್ನೂ ತೀರಿಲ್ಲ. ಆಕೆ 14 ಜನರಿರುವ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಾರೆ. ಮಗು ಯಾವಾಗ ಎಂಬ ವಿಷಯಕ್ಕೆ ಸಲಹೆ ಕೇಳಿ ಇಬ್ಬರೂ ನನ್ನ ಬಳಿ ಬಂದಿದ್ದರು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಯ ದೂರು ಒಂದೇ: "ಪ್ರತಿ ವರ್ಷ ಮುಂದಿನ ವರ್ಷ ಅಂತಾರೆ." ಆತನ ಉತ್ತರವೂ ಒಂದೇ: "ಕೈಯಲ್ಲಿ ಹತ್ತು ಲಕ್ಷ ಆಗಲಿ." ಆರ್.ಡಿ.ಯಲ್ಲಿ ಆಗ ಇದ್ದದ್ದು 46,000, ತಿಂಗಳಿಗೆ ಕಟ್ಟುತ್ತಿದ್ದದ್ದು 5,000. ಬಡ್ಡಿ ಬಿಟ್ಟು ನೋಡಿದರೆ ಈ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಸುಮಾರು 16 ವರ್ಷ ಬೇಕು. ಆಗ ಆಕೆಗೆ 47. ಇದನ್ನು ಕಾಗದದಲ್ಲಿ ಬರೆದು ಇಬ್ಬರ ನಡುವೆ ಇಟ್ಟೆ. ಆತ ಗಾಡಿ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತರು, ಮಾತಿಲ್ಲ.

ಇಂಥ ಪ್ರಕರಣದಲ್ಲಿ ಖರ್ಚಿನ ಪಟ್ಟಿಗೆ ಕೈಹಾಕುವ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಒಂದು ಪ್ರಶ್ನೆ ಕೇಳಬೇಕು: ದುಡ್ಡಿನ ಚಿಂತೆ ಇಲ್ಲದಿದ್ದರೆ ಮಗು ಬೇಕೇ? ಬೇಡ ಎಂದಾದರೆ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಅದು ಬೇರೆಯೇ ಮಾತುಕತೆ, ಯಾರನ್ನೂ ಒಪ್ಪಿಸುವ ಕೆಲಸ ನಮ್ಮದಲ್ಲ. ಆತ ಹೇಳಿದ್ದು: "ಮಗು ಬೇಡ ಅಂತಲ್ಲ. ನನ್ನ ಹಾಗೆ ಅದೂ ಎಂಟನೇ ಕ್ಲಾಸಿಗೆ ಶಾಲೆ ಬಿಡೂದು ಬೇಡ." ಅಪ್ಪನ ದೋಣಿ ಸಾಲಕ್ಕೆ ಹೋದ ವರ್ಷ ಆತ ಕೆಲಸಕ್ಕೆ ಸೇರಿದವರು. ಹತ್ತು ಲಕ್ಷ ಎಂಬ ಸಂಖ್ಯೆ ಯಾವ ಖರ್ಚಿನಿಂದಲೂ ಹುಟ್ಟಿದ್ದಲ್ಲ, ಆ ವರ್ಷದಿಂದ ಹುಟ್ಟಿದ್ದು. ಇದನ್ನು ಹೆಂಡತಿಯ ಎದುರು ಆತನೇ ಹೇಳಲಿ ಎಂದೆ. ಹೇಳಿದರು. ಐದು ವರ್ಷದಲ್ಲಿ ಆಕೆ ಕೇಳಿದ್ದು ಅದೇ ಮೊದಲು.

ಆಮೇಲೆ ಲೆಕ್ಕ. ಮನೆ ಖರ್ಚು 17,000, ಗಾಡಿ ಕಂತು 11,000, ಒಟ್ಟು 28,000. ಆಕೆಯ ಸಂಬಳ 17,500. ಡೀಸೆಲ್, ಟೋಲ್ ಕಳೆದು ತನಗೆ 30,000 ಉಳಿಯುತ್ತದೆ ಎಂದು ಆತ ಹೇಳಿದರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆ ಎರಡು ತಿಂಗಳು ತರಕಾರಿ, ಬಾಡಿಗೆ ಎಂದು ಓಡಾಡಿದರೂ 6,000 ದಾಟುವುದಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ಮೂರು ತಿಂಗಳು ಆತನ ದುಡಿಮೆಯಲ್ಲೇ ಸಂಸಾರ ನಡೆಸಿ ನೋಡಿ, ಆಕೆಯ ಸಂಬಳ ಬೇರೆ ಖಾತೆಗೆ ಹೋಗಲಿ, ಮಗುವಿನ ಖರ್ಚೆಂದು 3,000 ಪಕ್ಕಕ್ಕೆ ತೆಗೆದಿಡಿ ಎಂದು ಹೇಳಿ ಕಳಿಸಿದೆ. ಆಗಸ್ಟ್‌ನಲ್ಲಿ ಶುರುಮಾಡಿದರು. ಎರಡನೇ ತಿಂಗಳೇ ಮುರಿಯಿತು. ಚೌತಿ ಬಂತು, ಅದೇ ವಾರ ಗಾಡಿಗೆ ಎರಡು ಟೈರು. ಆತ ಸೋತೆ ಎಂಬ ಮುಖ ಮಾಡಿಕೊಂಡು ಬಂದರು. ನನ್ನ ಮಟ್ಟಿಗೆ ಆ ಪರೀಕ್ಷೆ ಫಲಿಸಿದ್ದೇ ಅಲ್ಲಿ. ಟೈರು, ವಿಮೆ, ಎಫ್.ಸಿ. (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಚೌತಿ ಎಲ್ಲ ಸೇರಿ ವರ್ಷಕ್ಕೆ 60,000. ತಿಂಗಳ ಲೆಕ್ಕದಲ್ಲಿ ಅದು ಎಲ್ಲೂ ಇರಲಿಲ್ಲ. ಅಂದರೆ ಆತನ ನಿಜವಾದ ಆದಾಯ 25,000, ಬಂದ್ ತಿಂಗಳಲ್ಲಿ ಬರೀ 1,000. ಗಾಡಿ, ಆಟೊ, ದೋಣಿ ಇರುವ ಮನೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಗಾಡಿಗೆ ಬೇರೆ ಖಾತೆ ತೆರೆದು ಪ್ರತಿ ತಿಂಗಳು 5,000 ಅದಕ್ಕೆ ಹಾಕಿ ಎಂದೆ.

ಹೆರಿಗೆ ರಜೆಗೆ ಸಂಬಳ ಸಿಗುವುದಿಲ್ಲ ಎಂದೇ ಆಕೆ ನಂಬಿದ್ದರು. ಸಂಬಳ ಚೀಟಿ ತರಿಸಿ ನೋಡಿದರೆ ಕೆಳಗಿನ ಸಾಲಿನಲ್ಲಿ ಇ.ಎಸ್.ಐ. (ನೌಕರರ ರಾಜ್ಯ ವಿಮೆ) 132 ರೂಪಾಯಿ ಕಡಿತ. 17,500ರ ಶೇ. 0.75. ಸಂಬಳ 21,000ದೊಳಗೆ ಇದ್ದು, ಹೆರಿಗೆಗೆ ಮುಂಚಿನ ಎರಡು ವಂತಿಗೆ ಅವಧಿಗಳಲ್ಲಿ (ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) ಕನಿಷ್ಠ 70 ದಿನದ ವಂತಿಗೆ ಬಿದ್ದಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ತಿ ಸಂಬಳದಷ್ಟು ಹಣ ಇ.ಎಸ್.ಐ.ಯಿಂದ ಬರುತ್ತದೆ. ಆಕೆಗೆ ಸುಮಾರು 1,06,000. ಆದರೆ ಚೀಟಿಯಲ್ಲಿ ಕಡಿತವಾದ ಮಾತ್ರಕ್ಕೆ ಜಮೆಯಾಗಿದೆ ಎಂದು ತಿಳಿಯಬಾರದು, ಇ.ಎಸ್.ಐ. ಪೋರ್ಟಲ್‌ನಲ್ಲಿ ತಮ್ಮ ವಿಮಾ ಸಂಖ್ಯೆ ಹಾಕಿ ನೋಡಿಕೊಳ್ಳಬೇಕು. ಆಧಾರ್‌ನಲ್ಲಿ ತವರಿನ ಹೆಸರು, ಬ್ಯಾಂಕಿನಲ್ಲಿ ಗಂಡನ ಮನೆಯ ಹೆಸರು ಇದ್ದರೆ ಹಣ ಸಿಕ್ಕಿಬೀಳುತ್ತದೆ. ಗರ್ಭ ನಿಲ್ಲುವ ಮೊದಲೇ ಸರಿಮಾಡಿಸಿಕೊಳ್ಳಿ. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ಇದೆ ಎಂದು ಆಕೆ ಬರೆದುಕೊಂಡಿದ್ದರು. ಕಾನೂನಿನಡಿ ಇಂಥದ್ದೇ ಸೌಲಭ್ಯ ಪಡೆಯುವವರಿಗೆ ಅದಿಲ್ಲ, ಹಾಗಾಗಿ ಹೊಡೆಸಿಹಾಕಿದೆ.

ಹೆರಿಗೆಗೆಂದು ಹೊಸ ಆರೋಗ್ಯ ವಿಮೆ ಮಾಡಿಸಲು ಆತ ಹೊರಟಿದ್ದರು. ವೈಯಕ್ತಿಕ ಪಾಲಿಸಿಗಳಲ್ಲಿ ಹೆರಿಗೆಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ ಕಾಯಬೇಕು, ಅದರೊಳಗೆ ಹೆರಿಗೆಯಾದರೆ ಒಂದು ಪೈಸೆಯೂ ಬಾರದು. ಬೇಡ ಎಂದೆ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧ ಉಚಿತ. ಊಟ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ಒಂದು ವರ್ಷದವರೆಗೆ ಮಗುವಿಗೆ ಕಾಯಿಲೆ ಬಂದರೂ ಅಲ್ಲಿ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಈ ಜಿಲ್ಲೆಯಲ್ಲಿ ಖರ್ಚು ಏರುವುದು ಹೆರಿಗೆಯಿಂದಲ್ಲ, ತೊಂದರೆಯಾಗಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಕಳಿಸಿದಾಗ: ಮುಂಗಡ, ಜೊತೆಗಿರುವವರ ಊಟ, ರೂಮು. ಅದಕ್ಕೆ 40,000 ಮುಟ್ಟದ ದುಡ್ಡಾಗಿ ಇರಲಿ. ಹೊರಡುವಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡು ಕೈಯಲ್ಲಿರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ, ಇವರಂಥ ಎ.ಪಿ.ಎಲ್. ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ.

ಇನ್ನು ಮುಖ್ಯ ಮಾತು: ಯಾವ ದುಡ್ಡು ಯಾವಾಗ ಬೇಕು? 26 ವಾರ ಮುಗಿದ ಮೇಲೆ ಆಕೆ ಇನ್ನೂ ನಾಲ್ಕು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿರಲು ಬಯಸಿದ್ದರು. ಅತ್ತೆಗೆ ಮಂಡಿನೋವು, ಎಳೆಗೂಸನ್ನು ಎತ್ತಿ ಆಡಿಸುವುದು ಕಷ್ಟ. ಆ ನಾಲ್ಕು ತಿಂಗಳು ಸೆಪ್ಟೆಂಬರ್–ಡಿಸೆಂಬರ್ ಆದರೆ ಮಗುವಿನ ಖರ್ಚು ಸೇರಿ ಕೊರತೆ 24,000. ಏಪ್ರಿಲ್–ಜುಲೈ ಆದರೆ 72,000. ತಿಂಗಳು ನೋಡಿ ಗರ್ಭ ನಿಲ್ಲುವುದಿಲ್ಲವಾದ್ದರಿಂದ ದೊಡ್ಡ ಅಂಕಿಯನ್ನೇ ಹಿಡಿದೆವು. ಆದರೆ ಆ 72,000 ಇವತ್ತು ಬೇಕಾಗಿಲ್ಲ. ಗರ್ಭ ನಿಂತ ದಿನದಿಂದ ಸಂಬಳ ನಿಲ್ಲುವ ದಿನಕ್ಕೆ ಕಡಿಮೆಯೆಂದರೂ 13 ತಿಂಗಳು. ಅದರಲ್ಲಿ 11 ತಿಂಗಳು 9,000ದಂತೆ ಉಳಿಸಿ, ಎರಡು ಬಂದ್ ತಿಂಗಳ ಕೊರತೆ 19,000, ಮಗುವಿನ ಮೊದಲ ಐದು ತಿಂಗಳ 15,000 ಕಳೆದರೆ 65,000. ಆರ್.ಡಿ.ಯ 46,000ದಲ್ಲಿ ಮಣಿಪಾಲದ 40,000 ತೆಗೆದಿಟ್ಟು ಉಳಿಯುವ 6,000 ಸೇರಿದರೆ 71,000. ಸಾವಿರ ರೂಪಾಯಿ ಕಡಿಮೆ.

ಆತ ಆ ಹಾಳೆಯನ್ನು ಎರಡು ಸಲ ಕೂಡಿಸಿ ನೋಡಿದರು. "ಹಂಗಾದ್ರೆ ಈಗಲೇ ಆಗೂದಾ?"

ದುಡ್ಡಿನ ಮಟ್ಟಿಗೆ ಹೌದು ಎಂದೆ. ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ರಕ್ತಪರೀಕ್ಷೆ, ಥೈರಾಯ್ಡ್ ನೋಡಿಸಿ, ಗರ್ಭಕ್ಕೆ ಒಂದು ತಿಂಗಳಾದರೂ ಮುಂಚೆ ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿ. ಗರ್ಭ ಖಚಿತವಾದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡು ಮಾಡಿಸಿ.

ಒಂದು ಬಾಬತ್ತು ಮಾತ್ರ ಲೆಕ್ಕದಿಂದ ಹೊರಗೇ ಉಳಿದಿತ್ತು. ಹೆರಿಗೆಗೆ ಸಾಲ ಮಾಡದ ಮನೆಗಳೂ ತೊಟ್ಟಿಲಿಗೆ ಸಾಲ ಮಾಡುತ್ತವೆ. ಸಭಾಭವನ, 300 ಎಲೆ ಊಟ ಎಂದರೆ 40,000 ಅಲ್ಲೇ ಕರಗುತ್ತದೆ. ಅತ್ತೆಯವರ ಜೊತೆ ಇದನ್ನು ಈಗಲೇ ಮಾತಾಡಿ, ಮಗ ಮಾತಾಡಲಿ, ಸೊಸೆ ಬೇಡ ಎಂದಿದ್ದೆ. ನಾಲ್ಕನೇ ಭೇಟಿಗೆ ಅತ್ತೆಯವರೂ ಬಂದರು. ಮನೆಯಲ್ಲೇ ಮಾಡುವುದಕ್ಕೆ ಒಪ್ಪಿದ್ದಾರೆ. ಎಷ್ಟು ಎಲೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.