ಎರಡು ವಿಭಾಗಗಳ ನಡುವಿನ ಪಿಎಚ್.ಡಿ.: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರ ಬದಲಿಸಿ ದಾಖಲಿಸಿರುವ ಈ ಪ್ರಕರಣದ ಯುವತಿ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ, ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಯೋಎಂಜಿನಿಯರಿಂಗ್ (ಜೀವಶಾಸ್ತ್ರ, ಎಂಜಿನಿಯರಿಂಗ್ ಎರಡನ್ನೂ ಬೆಸೆಯುವ ವಿಷಯ) ಪಿಎಚ್.ಡಿ.ಗೆ ಅರ್ಜಿ ಹಾಕುವ ಆಸೆ ಅವರಿಗಿತ್ತು. ಎಂಜಿನಿಯರಿಂಗ್ ಪದವೀಧರರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಗೇಟ್‌ನ ಅಂಕ ಕೈಯಲ್ಲಿದ್ದರೂ ಅದರ ಮೂರು ವರ್ಷಗಳ ಮಾನ್ಯತೆ ಮುಗಿಯುತ್ತ ಬಂದಿತ್ತು. ಪಿಯುಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದ ಅವರು, "ಹತ್ತನೇ ತರಗತಿಯ ಜೀವಶಾಸ್ತ್ರ ಇಟ್ಟುಕೊಂಡು ಯಾವ ಧೈರ್ಯದ ಮೇಲೆ ಅರ್ಜಿ ಹಾಕಲಿ, ಮೇಡಂ?" ಎಂದು ಕೇಳಿದರು.

ಅವರು ತಂದಿದ್ದ ಉದ್ದೇಶ ಪತ್ರದ (ಏನನ್ನು, ಏಕೆ ಸಂಶೋಧಿಸಬೇಕೆಂದು ಅರ್ಜಿಯ ಜೊತೆ ಬರೆಯುವ ಪತ್ರ) ಕರಡಿನಲ್ಲಿ ಈ ಅಳುಕು ಎದ್ದು ಕಾಣುತ್ತಿತ್ತು. ಮೊದಲ ಪುಟವೆಲ್ಲ ಕ್ಯಾನ್ಸರ್, ಜೀನೋಮ್, ಕೃತಕ ಬುದ್ಧಿಮತ್ತೆಗಳಿಂದ ತುಂಬಿತ್ತು. ಪಲ್ಸ್ ಆಕ್ಸಿಮೀಟರ್ ಪರೀಕ್ಷಿಸುವಾಗ ಬೆರಳು ತಣ್ಣಗಿದ್ದವರಲ್ಲಿ ಅಂಕಿ ಏರುಪೇರಾಗುವುದನ್ನು ತಾವೇ ಗಮನಿಸಿದ್ದ ವಿಷಯ ಮಾತ್ರ ಎರಡನೇ ಪುಟದ ತಳದಲ್ಲಿ ಒಂದೇ ಸಾಲಾಗಿತ್ತು. ಅರ್ಜಿಯ ಜೀವವೇ ಆ ಸಾಲಿನಲ್ಲಿದೆ ಎಂದು ನಾನು ಹೇಳಿದೆ. ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿಗೆ ಹಾಯಿಸಿ, ರಕ್ತ ಯಾವುದನ್ನು ಎಷ್ಟು ಹೀರಿತೆಂಬುದರಿಂದ ಆಮ್ಲಜನಕದ ಪ್ರಮಾಣವನ್ನು ಅಂದಾಜಿಸುತ್ತದೆ. ಬೆರಳು ತಣ್ಣಗಾದಾಗ ರಕ್ತನಾಳ ಸಂಕುಚಿಸಿ, ನಾಡಿಬಡಿತದ ಸಂಕೇತ ಕ್ಷೀಣಿಸಿ, ಬೇಡದ ಸಂಕೇತಗಳ ಗದ್ದಲದಲ್ಲಿ ಮುಳುಗುತ್ತದೆ. ಇದರಲ್ಲಿ ಸರ್ಕ್ಯೂಟಿನ ಪಾಲೆಷ್ಟು, ರಕ್ತನಾಳದ ಪಾಲೆಷ್ಟು ಎಂಬುದನ್ನು ಎಂಜಿನಿಯರ್ ಒಬ್ಬರೇ ಆಗಲಿ, ಶರೀರಶಾಸ್ತ್ರಜ್ಞರೊಬ್ಬರೇ ಆಗಲಿ ಬಿಡಿಸಲಾರರು. ಅಂತರಶಿಸ್ತೀಯ ಕಾರ್ಯಕ್ರಮಕ್ಕೆ ಬೇಕಾದದ್ದು ಇಂಥ ಪ್ರಶ್ನೆಯೇ ಹೊರತು ಎರಡು ವಿಷಯಗಳ ಅರೆಬರೆ ಜ್ಞಾನವಲ್ಲ.

ಹಾಗಾಗಿ ಜೀವಶಾಸ್ತ್ರವನ್ನು ತರಾತುರಿಯಲ್ಲಿ ಬಾಯಿಪಾಠ ಮಾಡುವುದು ಬೇಡ, ಓದಿಲ್ಲವೆಂದು ನೇರವಾಗಿ ಒಪ್ಪಿಕೊಳ್ಳಿ, ಪಿಎಚ್.ಡಿ.ಯ ಆರಂಭದ ತರಗತಿಗಳು, ಅಂದರೆ ಕೋರ್ಸ್‌ವರ್ಕ್, ಇರುವುದೇ ಅದಕ್ಕೆ ಎಂದೆ. ಆದರೆ ರೇಖೀಯ ಬೀಜಗಣಿತ, ಸಂಭವನೀಯತೆ, ಸಿಗ್ನಲ್ ಪ್ರೊಸೆಸಿಂಗ್‌ಗಳ ಬುಡ ಗಟ್ಟಿಯಿರಬೇಕು. ತಾನು ಓದಿದ ವಿಷಯದಲ್ಲೇ ತಡವರಿಸುವವರಿಗೆ ಸಂದರ್ಶನದಲ್ಲಿ ರಿಯಾಯಿತಿ ಸಿಗುವುದು ಕಷ್ಟ. ಇಂಥ ಕಾರ್ಯಕ್ರಮದಲ್ಲಿ ಬೇರೆ ಬೇರೆ ವಿಭಾಗಗಳ ಇಬ್ಬರು ಮಾರ್ಗದರ್ಶಕರಿರುವುದುಂಟು. ಅವರಿಬ್ಬರು ಹಿಂದೆ ಜೊತೆಯಾಗಿ ಪ್ರಬಂಧ ಪ್ರಕಟಿಸಿದ್ದಾರೆಯೇ, ಅಭಿಪ್ರಾಯ ಭೇದ ಬಂದಾಗ ಯಾರ ಮಾತು ನಡೆಯುತ್ತದೆ ಎಂಬುದನ್ನು ಅಲ್ಲಿಯ ಹಿರಿಯ ವಿದ್ಯಾರ್ಥಿಗಳಲ್ಲಿ ವಿಚಾರಿಸಲು ತಿಳಿಸಿದೆ. (ಹತ್ತಾರು ಪ್ರಾಧ್ಯಾಪಕರಿಗೆ ಒಂದೇ ಒಕ್ಕಣೆಯ ಇಮೇಲ್ ಕಳಿಸುವ ಚಾಳಿಯನ್ನೂ ಬಿಡಿಸಬೇಕಾಯಿತು.)

ಮುಂದಿನ ಭೇಟಿಗೆ ತಂದೆಯವರೂ ಬಂದರು. 2023ರಿಂದ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000, ಬಳಿಕ 42,000 ರೂಪಾಯಿ ಎಂದಾಗ ಹಣದ ಚಿಂತೆ ತಗ್ಗಿತು. "ನಾಳೆ ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಇವಳು ಯಾವ ವಿಭಾಗದವಳು?" ಎಂಬ ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇಯ ನಿಯಮಗಳು ಸಂಬಂಧಿತ ವಿಭಾಗದ ಬಿ.ಇ., ಎಂ.ಇ. ಪದವಿಗಳನ್ನು ಕೇಳುತ್ತವೆ, ಎಂ.ಇ. ಇಲ್ಲದೆ ನೇರವಾಗಿ ಪಿಎಚ್.ಡಿ. ಸೇರುವವರು ಇದನ್ನು ಮೊದಲೇ ವಿಚಾರಿಸಿ, ಸಾಧ್ಯವಾದರೆ ಲಿಖಿತ ಉತ್ತರ ಪಡೆಯುವುದು ಒಳಿತು. ಮಗಳು ತನಗೆ ಬೋಧನೆಗಿಂತ ಉದ್ಯಮದ ಸಂಶೋಧನಾ ವಿಭಾಗವೇ ಇಷ್ಟವೆಂದರು. ತಂದೆ ಪೂರ್ತಿ ಒಪ್ಪಲಿಲ್ಲವಾದರೂ ಅರ್ಜಿ ಹಾಕಲು ತಕರಾರು ಮಾಡಲಿಲ್ಲ.